ಕುರಿ ಕತ್ತರಿಯಿಂದ ಬಿಚ್ಚಿದ ಪುಟ

ಹುಲ್ಲಪ್ಪನಿಗೆ ಅಕ್ಷರ ಕಲಿಸಿದ್ದು ಸಾಲೆಯಲ್ಲ, ಸರ್ಕಾರಿ ಬಸ್ಸು. ಅಮೀನಗಡದ ಕುರಿ ಸಂತೆಗೆ ಅವನು ಹಿಂಡು ಹೊಡೆದುಕೊಂಡು ಬಂದಾಗಲೆಲ್ಲ ಕರದಂಟಿನ ಅಂಗಡಿಗಳ ಮುಂದೆ ಬಸ್ಸುಗಳು ನಿಂತಿರುತ್ತಿದ್ದವು. ಒಂದರ ಹಣೆಯ ಮೇಲೆ ಹುನಗುಂದ, ಇನ್ನೊಂದರ ಹಣೆಯ ಮೇಲೆ ಇಳಕಲ್ಲ, ಮತ್ತೊಂದರ ಮೇಲೆ ಬಾದಾಮಿ. ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರ್ ಕೂಗುತ್ತಿದ್ದ, ಹುಲ್ಲಪ್ಪ ಬೋರ್ಡು ನೋಡುತ್ತಿದ್ದ. ಕೂಗಿಗೂ ಬೋರ್ಡಿಗೂ ಗಂಟು ಹಾಕುತ್ತ ಹಾಕುತ್ತ, ಬಾದಾಮಿಯ 'ಬಾ' ಮತ್ತು ಬಾಗಲಕೋಟೆಯ 'ಬಾ' ಒಂದೇ ತಾಯಿಯ ಮಕ್ಕಳೆಂದು ಗೊತ್ತಾದ ದಿನ ಅವನು ಸಂತೆಯಲ್ಲಿ ಒಂದು ಕುರಿ ಕಳೆದುಕೊಂಡ. ಅದಕ್ಕಾಗಿ ದುಃಖಪಡಲಿಲ್ಲ. ಒತ್ತಕ್ಷರಗಳನ್ನು ಮಾತ್ರ ಚಹಾದಂಗಡಿಯ ಇಮಾಮಸಾಬ ಹಳೆಯ ಪತ್ರಿಕೆಯ ತುಂಡುಗಳ ಮೇಲೆ ಬೆರಳಿಟ್ಟು ತೋರಿಸಿಕೊಟ್ಟ. ಆ ಋಣವನ್ನು ಹುಲ್ಲಪ್ಪ ಯಾರ ಮುಂದೆಯೂ ಹೇಳಿದವನಲ್ಲ. ತಾನೇ ಕಲಿತೆ ಎನ್ನುತ್ತಿದ್ದ.

ತಾನೇ ಕಲಿತವನ ಸೊಕ್ಕು ಮನೆಯಲ್ಲಿ ಮೇಯಿಸಿದ ಟಗರಿನ ಸೊಕ್ಕಿನಂಥದು. ಯಾವ ಗೂಟಕ್ಕೆ ಕಟ್ಟಿದರೂ ಗೂಟ ಕಿತ್ತುಕೊಂಡು ಬರುತ್ತದೆ. ಸಾಲೆ ಕಲಿತವರನ್ನು ಕಂಡರೆ ಅವನಿಗೆ ಸಸಾರ, ಏಕೆಂದರೆ ಅವರು ಕಲಿತು ಮರೆತವರು. ಸಾಲೆ ಕಲಿಯದವರನ್ನು ಕಂಡರೆ ಇನ್ನೂ ಸಸಾರ, ಏಕೆಂದರೆ ಅವರಿಗೆ ಮರೆಯುವುದಕ್ಕೂ ಏನೂ ಇಲ್ಲ. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸಿ ಹಾಡುವ ಮ್ಯಾಳಕ್ಕೆ ಅವನೇ ಮುಂದಾಳು. ಸುತ್ತಲಿನ ಹಳ್ಳಿಗಳ ಹಾಡುಗಾರರೆಲ್ಲ ಗುರುವಿನ ಬಾಯಿಂದ ಕೇಳಿ ಕಲಿತವರು. ಹುಲ್ಲಪ್ಪ ಅವರನ್ನು ಎಂಜಲುಂಡವರು ಎಂದು ಕರೆಯುತ್ತಿದ್ದ.

"ಅಚ್ಚಿನಾಗ ಐತೇನು? ಇದ್ದರ ಖರೆ. ಇಲ್ಲಂದ್ರ ಅದು ಬರೇ ಬಾಯಿ ಚಪಲ," ಎನ್ನುವುದು ಅವನ ತೀರ್ಪು.

ಹೆಂಡತಿ ಪದ್ಮವ್ವ ರೊಟ್ಟಿ ಬಡಿಯುತ್ತ ಒಮ್ಮೆ ಅಂದಳು, "ಹಂಗಾರ ನಮ್ಮ ಮದಿವಿನೂ ಸುಳ್ಳ ಬಿಡ್ರಿ. ಅದೂ ಅಚ್ಚಾಗಿಲ್ಲ."

"ಅದು ಅಚ್ಚಾಗಲಿಲ್ಲಂತನ ನಾ ಇನ್ನೂ ನಂಬಿಲ್ಲ," ಅಂದ ಹುಲ್ಲಪ್ಪ. ಅವಳು ರೊಟ್ಟಿಯನ್ನು ತುಸು ಜೋರಾಗಿ ಬಡಿದಳು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಈ ಟಗರು ಗೋಡೆಗೆ ಹಾಯ್ದಿತು.

ಅಮಾವಾಸ್ಯೆಯ ದಿನ ಹುಲ್ಲಪ್ಪನ ಊರಿನ ಬೀರಪ್ಪನ ಗುಡಿಗೆ ತುಳಸಿಗೇರಿಯ ಮ್ಯಾಳ ಬಂದಿತ್ತು. ಎರಡು ಮ್ಯಾಳಗಳು ಎದುರುಬದುರು ನಿಂತು ವಾದ ಹಾಡುವುದು ಆ ಸೀಮೆಯ ರೂಢಿ. ಒಬ್ಬರು ಹಾಡಿನಲ್ಲಿ ಪ್ರಶ್ನೆ ಎಸೆಯಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಹೇಳಬೇಕು. ಉತ್ತರ ಬಾರದಿದ್ದರೆ ಮುಂದಿನ ಅಮಾವಾಸ್ಯೆಯ ತನಕ ಗಡುವು. ಆಗಲೂ ಬಾರದಿದ್ದರೆ, ಸೋತವನು ಎಲ್ಲರೆದುರು ತನ್ನ ಡೊಳ್ಳಿನ ಹಗ್ಗ ಸಡಲಿಸಿ, ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂಡಬೇಕು. ಹುಲ್ಲಪ್ಪನ ಡೊಳ್ಳು ಅವನ ಅಪ್ಪನದು. ಅಪ್ಪ ಸತ್ತ ದಿನವೂ ಅದರ ಹಗ್ಗ ಸಡಲಿರಲಿಲ್ಲ.

ತುಳಸಿಗೇರಿಯ ಮುಂದಾಳು ಮುದಕಪ್ಪ ಒಣಕಲು ಆಳು. ಅಕ್ಷರವೆಂದರೆ ಅವನಿಗೆ ಎಮ್ಮೆಗೂ ಜೋಳಕ್ಕೂ ಇದ್ದಷ್ಟು ನಂಟೂ ಇಲ್ಲ. ಆದರೆ ಧ್ವನಿ ಎತ್ತಿದರೆ ಗುಡಿಯ ಮೇಲಿನ ಪಾರಿವಾಳಗಳು ಏಳುತ್ತಿದ್ದವು. ಅವನು ಕೈ ಕಿವಿಗಿಟ್ಟು ಹಾಡಿದ: ಹೆತ್ತವ್ವ ಅಡವಿಯಲ್ಲಿ ಬಿಟ್ಟು ಹೋದಳು. ಆಲದ ಕೊಂಬೆಗೆ ಬೀರಪ್ಪನ ತೊಟ್ಟಿಲು ಜೋತಾಡುತ್ತಿತ್ತು. ಸುತ್ತ ನರಪಿಳ್ಳೆ ಇಲ್ಲ, ಕೂಸು ಮಾತ್ರ ಸುಖವಾಗಿ ಮಲಗಿತ್ತು. ತೊಟ್ಟಿಲು ತೂಗಿದವರು ಯಾರು, ಹೇಳೋ ಓದಿದಣ್ಣ.

ಓದಿದಣ್ಣನ ಬಳಿ ಇದ್ದ ನಾಲ್ಕು ಹರಕು ಪುಸ್ತಕಗಳಲ್ಲಿ ಆ ತೊಟ್ಟಿಲೇ ಇರಲಿಲ್ಲ. ಗುಡಿಯ ಪೂಜಾರಿ ಹೊಳಬಸಪ್ಪ ಅರಿಶಿನದ ಭಂಡಾರ ಹಾರಿಸಿ ಗಡುವು ಸಾರಿದ.

ಮರುದಿನವೇ ಹುಲ್ಲಪ್ಪ ಅಮೀನಗಡಕ್ಕೆ ಹೋದ. ಇಮಾಮಸಾಬ ಚಹಾ ಸೋಸುತ್ತ ಹೇಳಿದ, "ಬಾಗಲಕೋಟ್ಯಾಗ ಹಳೇ ವಾಚನಾಲಯ ಐತಿ ನೋಡ. ಅಲ್ಲಿ ಇಲ್ಲದ ಪುಸ್ತಕ ಇನ್ನೂ ಹುಟ್ಟಿಲ್ಲಂತಾರ. ಅಲ್ಲಿ ಇದ್ದದ್ದು ಮಾತ್ರ ಹೊರಗ ಬರೂದಿಲ್ಲಂತಾರ."

ಆ ವಾಚನಾಲಯ ನಿಂತದ್ದು ಮುಂಬೈ ಸರ್ಕಾರದ ಕಾಲದಲ್ಲಿ. ಊರಿನ ನಾಲ್ಕು ಮಂದಿ ಜೋಳಿಗೆ ಹಿಡಿದು ಮನೆ ಮನೆ ತಿರುಗಿ, ಕಾಳು ಬೇಡ, ಒಂದು ಪುಸ್ತಕ ನೀಡಿರಿ ಎಂದು ಬೇಡಿ ಕಟ್ಟಿದ್ದು. ಆಗ ಸಂಜೆಯಾದರೆ ಒಬ್ಬ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದ. ಹತ್ತಿ ಗಾಡಿಯವರು, ಹಮಾಲರು, ನೇಕಾರರು ಕೆಳಗೆ ಕೂತು ಕೇಳುತ್ತಿದ್ದರು. ದೇಶದಲ್ಲಿ ಏನು ನಡೆದಿದೆ ಎಂಬುದು ಹುನಗುಂದದ ಹೊಲಗಳಿಗೂ ಇಳಕಲ್ಲಿನ ಮಗ್ಗಗಳಿಗೂ ಮುಟ್ಟುತ್ತಿದ್ದದ್ದು ಆ ಕಟ್ಟೆಯಿಂದ. ಓದು ಬಾರದವರಿಗಾಗಿಯೇ ಕಟ್ಟಿದ ವಾಚನಾಲಯ ಅದು. ಕಟ್ಟಿದವರು ಸತ್ತರು. ಅವರ ಫೋಟೋಗಳಿಗೆ ಹಾರ ಬಿತ್ತು. ಗೋಡೆಗೆ 'ಶಾಂತತೆ ಕಾಪಾಡಿರಿ' ಎಂಬ ಬೋರ್ಡು ಬಿತ್ತು, ಕಪಾಟುಗಳಿಗೆ ಬೀಗ ಬಿತ್ತು. ಮಹಾನವಮಿಯಲ್ಲಿ ಆ ಕಪಾಟುಗಳಿಗೆ ವಿಭೂತಿ ಬಳಿದು ಪೂಜೆ ಮಾಡುತ್ತಿದ್ದರು. ತೆರೆಯುವುದು ಮಾತ್ರ ಯಾವ ಹಬ್ಬದಲ್ಲೂ ಇರಲಿಲ್ಲ. ನಾಯಿಗೆ ತೆಂಗಿನಕಾಯಿ ಸಿಕ್ಕಿತ್ತು: ಒಡೆಯಲೊಲ್ಲದು, ಬಿಡಲೊಲ್ಲದು.

ಹುಲ್ಲಪ್ಪ ಹೆಗಲ ಮೇಲೆ ಕಂಬಳಿ ಹೊತ್ತು ಒಳಗೆ ಬಂದಾಗ ಪಂಖದ ಕೆಳಗೆ ಇಬ್ಬರು ವಕೀಲರು ಪತ್ರಿಕೆಯನ್ನು ಮುಖದ ಮೇಲೆ ಹೊದ್ದು ಮಲಗಿದ್ದರು. ಮೇಜಿನ ಹಿಂದೆ ಪುಸ್ತಕ ನೋಡಿಕೊಳ್ಳುವ ರಾಚಯ್ಯ ಕೂತಿದ್ದ.

"ಏನ್ ಬೇಕೋ?" ರಾಚಯ್ಯ ತಲೆ ಎತ್ತದೆ ಕೇಳಿದ.

"ಪುಸ್ತಕ ಬೇಕ್ರಿ ಅಯ್ನಾರ."

"ಯಾರಿಗೆ?"

"ನನಗ್ರಿ."

ಆಗ ರಾಚಯ್ಯ ತಲೆ ಎತ್ತಿದ. ಕಂಬಳಿ ನೋಡಿದ, ಕಾಲಿನ ಧೂಳು ನೋಡಿದ. "ಓದಾಕ ಬರತೈತೇನ?"

"ನಿಮ್ಮ ನೆತ್ತಿ ಮ್ಯಾಲಿನ ಬೋರ್ಡ ಓದೇನ್ರಿ. ಶಾಂತತೆ ಕಾಪಾಡಿರಿ ಅಂತೈತಿ. ಆ ವಕೀಲರಿಗೆ ಓದಾಕ ಬರೂದಿಲ್ಲ ಕಾಣತೈತಿ, ಗೊರಕಿ ಹೊಡ್ಯಾಕ ಹತ್ಯಾರ."

ರಾಚಯ್ಯನಿಗೆ ಕೆಟ್ಟದೆನಿಸಿತು. ಆದರೆ ಇಷ್ಟು ದಿನಗಳಲ್ಲಿ ಪುಸ್ತಕ ಬೇಕೆಂದು ಬಂದವನು ಇವನೊಬ್ಬನೇ. ಬೀರಪ್ಪನ ಕಥೆ ಇರುವ ದಪ್ಪ ಪುಸ್ತಕವೊಂದು ಕಪಾಟಿನಲ್ಲಿದೆ, ಈಗಿನ ಅಧ್ಯಕ್ಷರ ಅಜ್ಜ ಜೋಳಿಗೆಗೆ ಹಾಕಿದ್ದು ಎಂದು ಅವನಿಗೆ ಗೊತ್ತಿತ್ತು. ಮನೆಗೆ ಕೊಡುವುದಿಲ್ಲ, ಇಲ್ಲೇ ಓದಬೇಕು ಎಂದು ಕಟ್ಟುಮಾಡಿ, ಬೀಗದ ಜೊತೆ ಬಹಳ ಹೊತ್ತು ಗುದ್ದಾಡಿ ತೆಗೆದುಕೊಟ್ಟ. ಪುಸ್ತಕದ ಜೊತೆ ಒಂದು ಹಲ್ಲಿಯೂ ಬಂತು.

"ಮಾಳಿಗಿ ಸೋರತೈತಲ್ರಿ," ಹುಲ್ಲಪ್ಪ ಕಪಾಟಿನ ತೇವ ನೋಡಿ ಅಂದ.

"ಅಣೆಕಟ್ಟಿನ ನೀರ ಬಂದ ಊರಿಗೂರ ಮುಳಗತೈತಿ ಅಂತಾರ. ಮುಳುಗೂ ಮನಿಗೆ ಯಾರ ಮಣ್ಣ ಹಾಕತಾರೋ?"

"ನೀರಿಗೆ ಭಾಳ ಕೆಲಸ ಉಳಿದಿಲ್ಲ ಬಿಡ್ರಿ ಅಯ್ನಾರ. ನೀವು ಆಗಲೇ ಮುಳುಗೀರಿ."

ಬಾಗಿಲ ಬಳಿ ಬೆಳಕಿಗೆ ಕೂತು ಹುಲ್ಲಪ್ಪ ಪುಟ ತಿರುವಿದ. ಅಲ್ಲೊಂದು ವಿಚಿತ್ರವಿತ್ತು. ಎರಡೆರಡು ಹಾಳೆಗಳು ಹೊರಗಿನ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡು ಚೀಲದಂತೆ ನಿಂತಿದ್ದವು. ಹಿಂದಿನ ಕಾಲದಲ್ಲಿ ದೊಡ್ಡ ಹಾಳೆಯ ಮೇಲೆ ಹಲವು ಪುಟ ಅಚ್ಚು ಹಾಕಿ, ಮಡಚಿ, ಬೆನ್ನಿಗೆ ಹೊಲಿದುಬಿಡುತ್ತಿದ್ದರು. ಮಡಿಕೆಗಳನ್ನು ಓದುವವನೇ ಕತ್ತರಿಸಿಕೊಳ್ಳಬೇಕು. ಕತ್ತರಿಸದಿದ್ದರೆ ಒಳಗಿನ ಎರಡು ಪುಟ ಚೀಲದೊಳಗಿನ ಕಾಳಿನಂತೆ ಒಳಗೇ ಉಳಿಯುತ್ತವೆ. ಇದು ಹುಲ್ಲಪ್ಪನಿಗೆ ಗೊತ್ತಿರಲಿಲ್ಲ. ಬಸ್ಸಿನ ಬೋರ್ಡುಗಳಿಗೆ ಮಡಿಕೆ ಇರುವುದಿಲ್ಲ. ರಾಚಯ್ಯನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ 'ಓದಾಕ ಬರತೈತೇನ' ಎಂಬ ಪ್ರಶ್ನೆಗೆ ತಾನೇ ಬರುವುದಿಲ್ಲ ಎಂದು ಉತ್ತರ ಕೊಟ್ಟಂತೆ. ಕೇಳಲಿಲ್ಲ.

ತೊಟ್ಟಿಲ ಕಥೆ ಸಿಕ್ಕಿತು. ಪುಟದ ಕೊನೆಗೆ, ಅಡವಿಯಲ್ಲಿ ಬೀಸಿ ಬಂದ ಗಾಳಿ ತೊಟ್ಟಿಲನ್ನು ತೂಗಿತು, ಕೂಸು ನಕ್ಕಿತು ಎಂದಿತ್ತು. ತಿರುವಿದರೆ ಮುಂದೆ ಬೀರಪ್ಪ ಆಗಲೇ ಬೆಳೆದು ಕುರಿ ಕಾಯುತ್ತಿದ್ದ. ನಡುವೆ ಪುಟದ ಅಂಕಿ ಎರಡು ಹೆಜ್ಜೆ ಜಿಗಿದಿತ್ತು.

"ಎಣಿಸಾಕ ಬಾರದ ಮಂಗನ ಕೈಯಾಗ ಅಚ್ಚಿನ ಕೆಲಸ ಕೊಟ್ಟಾರ," ಎಂದು ಹುಲ್ಲಪ್ಪ ಅಚ್ಚು ಹಾಕಿದವನನ್ನು ಬೈದ. ಗಾಳಿ ತೂಗಿತು ಎಂಬಷ್ಟನ್ನು ಬಾಯಿಪಾಠ ಮಾಡಿಕೊಂಡು, ಪುಸ್ತಕ ಮೇಜಿನ ಮೇಲೆ ಇಟ್ಟು, ಮಲಗಿದ್ದ ವಕೀಲರಿಗೆ ಕೈ ಮುಗಿದು ಹೊರಟ.

ಗಡುವಿನ ಅಮಾವಾಸ್ಯೆಗೆ ಊರೆಲ್ಲ ಗುಡಿಯ ಮುಂದೆ ನೆರೆದಿತ್ತು. ಹುಲ್ಲಪ್ಪ ಡೊಳ್ಳಿಗೆ ಪೆಟ್ಟು ಹಾಕಿ, ಗಾಳಿಯನ್ನು ಹಾಡಿದ. ಮೂಡಲ ಗಾಳಿ, ಪಡುವಲ ಗಾಳಿ, ಬಾದಾಮಿಯ ಗುಡ್ಡದ ಸಂದಿನ ಗಾಳಿ, ಎಲ್ಲವನ್ನೂ ಕರೆದು ತೊಟ್ಟಿಲು ತೂಗಿಸಿದ. ಪುಸ್ತಕದಲ್ಲಿ ಬಾದಾಮಿ ಇರಲಿಲ್ಲ. ಅದು ಬಸ್ಸಿನ ಬೋರ್ಡಿನಿಂದ ಬಂದದ್ದು. ಮಂದಿ ಹೌದು ಹೌದು ಎಂದರು.

ಮುದಕಪ್ಪ ಎಲೆ ಅಡಿಕೆ ಉಗುಳಿ ಎದ್ದ. "ಹುಲ್ಲಣ್ಣ, ಗಾಳಿ ಇಪ್ಪತ್ನಾಕ ತಾಸ ಬೀಸತೈತೇನು? ಗಾಳಿ ನಿಂತ ಮ್ಯಾಲೆ ಯಾರ ತೂಗಿದ್ರು?"

"ಪುಸ್ತಕದಾಗ ಗಾಳಿ ನಿಂತಿಲ್ಲ."

"ನಿಮ್ಮ ಪುಸ್ತಕದಾಗ ಬ್ಯಾಸಗಿ ಬಂದಿಲ್ಲೇನು ಹಂಗಾರ?" ಮಂದಿ ನಕ್ಕರು. ಮುದಕಪ್ಪ ತಣ್ಣಗೆ ಮುಂದುವರಿಸಿದ, "ಮರಿ ಸತ್ತ ಕುರಿ ತೂಗಿತು ಅಂತ ನನ್ನ ಗುರು ಹೇಳ್ಯಾನ."

"ನಿನ್ನ ಗುರು ಅಚ್ಚಾಗ್ಯಾನೇನು?"

"ಇಲ್ಲಪಾ. ಮಣ್ಣಾಗ್ಯಾನ."

ಹುಲ್ಲಪ್ಪನ ಉತ್ತರ ಅರ್ಧ, ಮುದಕಪ್ಪನ ಉತ್ತರಕ್ಕೆ ಆಧಾರವಿಲ್ಲ. ಹೊಳಬಸಪ್ಪ ಗಡ್ಡ ತುರಿಸಿಕೊಂಡು, ಪುಸ್ತಕ ತರಿಸಿ ಎಲ್ಲರೆದುರು ಓದಿಸಬೇಕು, ಅದು ಹೇಳಿದಂತೆ ಒಬ್ಬರ ಹಗ್ಗ ಸಡಲಬೇಕು ಎಂದ.

"ಪುಸ್ತಕ ಹೊರಗ ಬರೂದಿಲ್ರಿ ಪೂಜಾರಪ್ಪ," ಅಂದ ಹುಲ್ಲಪ್ಪ. "ಅದಕ್ಕ ಜೀವಾವಧಿ ಶಿಕ್ಷಾ ಆಗೈತಿ."

"ಹಂಗಾರ ನಾವ ಜೇಲಿಗೆ ಹೋಗೂಣ," ಅಂದ ಹೊಳಬಸಪ್ಪ.

ಹೀಗೆ ಎರಡು ಮ್ಯಾಳ, ಒಬ್ಬ ಪೂಜಾರಿ, ಕಂಬಳಿ ಹೊದ್ದ ಹತ್ತಾರು ಮಂದಿ ಬಸ್ಸು ಹತ್ತಿ ಬಾಗಲಕೋಟೆಗೆ ಇಳಿದರು. ಡೊಳ್ಳುಗಳನ್ನೂ ತಂದಿದ್ದರು, ಏಕೆಂದರೆ ಹಗ್ಗ ಸಡಲಿಸುವ ಕೆಲಸ ತೀರ್ಪು ಆದಲ್ಲೇ ಆಗಬೇಕು. ಹೊರಡುವಾಗ ಪದ್ಮವ್ವ ರೊಟ್ಟಿಯ ಗಂಟು ಕೊಟ್ಟು ಕೇಳಿದಳು, "ಪುಸ್ತಕ ನಿಮ್ಮ ಕಡೆ ಹೇಳತೈತೋ, ಅವನ ಕಡೆ ಹೇಳತೈತೋ?"

"ಅಚ್ಚಾದದ್ದು ಯಾರ ಕಡೆನೂ ಹೇಳೂದಿಲ್ಲ. ಇದ್ದದ್ದ ಹೇಳತೈತಿ."

"ನೆನಪಿರಲಿ ಈ ಮಾತು," ಅಂದಳು ಅವಳು.

ಮಂದಿಯನ್ನು ಕಂಡು ರಾಚಯ್ಯ ಎದ್ದು ನಿಂತ. ಇಳಕಲ್ಲ ಸೀರೆಯ ಅಂಗಡಿಯಿಟ್ಟಿದ್ದ ಅಧ್ಯಕ್ಷ ಅಮಾತೆಪ್ಪನಿಗೆ ಹೇಳಿ ಕಳಿಸಿದ. ಅಮಾತೆಪ್ಪ ಬಂದ. ಕುರುಬರು ಕುರ್ಚಿಗಳ ಮೇಲೆ ಕೂತದ್ದನ್ನು ನೋಡಿದ, ಆದರೆ ಮಂದಿ ಬಹಳವಿದ್ದುದರಿಂದ ಭಾಷಣ ಮಾಡುವುದೇ ಲೇಸೆಂದುಕೊಂಡ.

"ಇದು ಐತಿಹಾಸಿಕ ವಾಚನಾಲಯ. ನಮ್ಮ ಹಿರೇರು ಜ್ಞಾನದ ದೀಪ ಹಚ್ಚ್ಯಾರ. ಈ ಪುಸ್ತಕ ನಮ್ಮಜ್ಜನ ದಾನ. ನಾ ಇದನ್ನ ಸಣ್ಣಾಂವ ಇದ್ದಾಗಿಂದ ಎಷ್ಟ ಸಲ ಓದೇನಿ ಅಂದ್ರ, ಕಣ್ಣ ಮುಚ್ಚಿ ಹೇಳತೇನಿ."

"ಹಂಗಾರ ನೀವ ಹೇಳ್ರಿ ಸಾವಕಾರ್ರ," ಅಂದ ಹೊಳಬಸಪ್ಪ. "ತೊಟ್ಟಲಾ ತೂಗಿದವರು ಯಾರು?"

ಅಮಾತೆಪ್ಪ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. "ಅವರವ್ವ," ಅಂದ ಕೊನೆಗೆ.

"ಅವರವ್ವ ಬಿಟ್ಟ ಹೋಗ್ಯಾಳ್ರಿ. ಕಥಿ ಸುರು ಆಗೂದಽ ಅಲ್ಲಿಂದ," ಅಂದ ಮುದಕಪ್ಪ.

ಹೊಳಬಸಪ್ಪ ಪುಸ್ತಕವನ್ನು ಕೈಗೆತ್ತಿಕೊಂಡ. ಅವನಿಗೆ ಓದು ಬಾರದು. ಓದು ಬಾರದವನು ಪುಸ್ತಕವನ್ನು ಓದುವುದಿಲ್ಲ, ಕುರಿಯ ಹಲ್ಲು ನೋಡುವಂತೆ ನೋಡುತ್ತಾನೆ. ಅಂಚಿನ ಮೇಲೆ ಬೆರಳಾಡಿಸಿದ. ಚೀಲದಂತಿದ್ದ ಹಾಳೆಗಳೊಳಗೆ ಬೆರಳು ತೂರಿಸಿ, ಬಗ್ಗಿ ಇಣುಕಿದ. "ಇದರಾಗ ಅಕ್ಷರ ಅದಾವಲ್ರೋ. ಹೊಲಿದ ಮುಚ್ಚಿದಂಗ ಐತಿ. ಇದನ್ನ ಯಾರೂ ಬಿಚ್ಚೇ ಇಲ್ಲ."

ಹುಲ್ಲಪ್ಪನಿಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ಆದರೆ ನಾಲಿಗೆ ಅವನಿಗಿಂತ ಮುಂದೆ ಓಡಿತು. "ನೋಡ್ರಿ ಸಾವಕಾರ್ರ ಓದಿದ್ದನ್ನ. ಸಣ್ಣಾಂವ ಇದ್ದಾಗಿಂದ ಓದ್ಯಾರಂತ, ಮಡಿಕಿ ಹಂಗಽ ಐತಿ. ಗರ್ಭಗುಡಿಗೆ ಹೋಗದ ಪ್ರಸಾದ ತಂದಾರ."

ಮಂದಿ ನಕ್ಕರು. ಅಮಾತೆಪ್ಪನ ಮುಖ ಕಪ್ಪಿಟ್ಟಿತು. ಅಂಗಡಿಯಲ್ಲಿ ಗಿರಾಕಿ ಕಾದಿದ್ದಾರೆಂದು ಅವನು ಹೊರಟ. ಅವನನ್ನು ಸಮಾಧಾನ ಮಾಡುತ್ತ ರಾಚಯ್ಯನೂ ಬೀದಿಯ ತನಕ ಹೋದ. ನಗು ನಿಂತ ಮೇಲೆ ಮುದಕಪ್ಪ ಮೆಲ್ಲಗೆ ಕೇಳಿದ, "ಅವರು ಓದಿಲ್ಲ, ಖರೆ. ನೀ ಹೆಂಗ ಓದಿದಿ ಹುಲ್ಲಣ್ಣ, ಮಡಿಕಿ ಬಿಚ್ಚದ?"

ಹುಲ್ಲಪ್ಪ ಕಂಬಳಿಯ ಮಡಿಲಿನಿಂದ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತೆಗೆದ. ಹಿಂಡಿನ ಹಿಂದೆ ತಿರುಗುವವನ ಮಡಿಲಲ್ಲಿ ಅದು ಸದಾ ಇರುತ್ತದೆ. ತೊಟ್ಟಿಲ ಪುಟ ಹುಡುಕಿ, ಹೆದರಿದ ಕುರಿಯ ಕಿವಿಯ ಹತ್ತಿರ ಕತ್ತರಿ ಆಡಿಸುವಷ್ಟು ಜೋಪಾನವಾಗಿ ಮಡಿಕೆಯನ್ನು ಕತ್ತರಿಸಿದ. ಜೋಳಿಗೆಗೆ ಬಿದ್ದ ದಿನದಿಂದ ಬೆಳಕು ಕಾಣದ ಎರಡು ಪುಟಗಳು ತೆರೆದುಕೊಂಡವು. ಸುತ್ತಲಿನ ಪುಟಗಳು ಹಳದಿಯಾಗಿದ್ದವು, ಇವು ಇನ್ನೂ ಬೆಳ್ಳಗಿದ್ದವು.

ಅವನು ಮನಸ್ಸಿನಲ್ಲೇ ಓದಿಕೊಂಡ. ಗಾಳಿ ದಣಿದು ಬಿದ್ದಿತು. ಕೂಸು ಅತ್ತಿತು. ಮರಿ ಸತ್ತು ಕೆಚ್ಚಲು ಬಾತ ಕುರಿಯೊಂದು ಹಿಂಡು ಬಿಟ್ಟು, ಅಳುವಿನ ಜಾಡು ಹಿಡಿದು ಬಂದಿತು. ಹಣೆಯಿಂದ ತೊಟ್ಟಿಲನ್ನು ತಳ್ಳಿತು.

ತಬ್ಬಲಿ ಮರಿಯನ್ನು ಮರಿ ಸತ್ತ ಕುರಿಗೆ ಕೂಡಿಸುವ ಕೆಲಸವನ್ನು ಹುಲ್ಲಪ್ಪ ತನ್ನ ಹಟ್ಟಿಯಲ್ಲಿ ಅದೆಷ್ಟು ಸಲ ಮಾಡಿದ್ದನೋ. ಮೊದಲು ಕುರಿ ಒದೆಯುತ್ತದೆ. ಆಮೇಲೆ ಹಣೆಯಿಂದ ಒಮ್ಮೆ ತಳ್ಳಿ ನೋಡುತ್ತದೆ. ಆಮೇಲೆ ನಿಲ್ಲುತ್ತದೆ. ಇದನ್ನು ಕೇಳುವುದಕ್ಕೆ ಅವನು ಬಾಗಲಕೋಟೆಗೆ ಬಂದಿದ್ದ, ಅದನ್ನೂ ಅರ್ಧ ಕೇಳಿಕೊಂಡು ಹೋಗಿದ್ದ.

"ಓದ ಹುಲ್ಲಣ್ಣ," ಅಂದ ಮುದಕಪ್ಪ. "ನಮಗೇನ ತಿಳೀತೈತಿ. ನೀ ಓದಿದ್ದಽ ಖರೆ."

ಅದು ಕೊಂಕೋ, ನಂಬಿಕೆಯೋ, ಹೇಳುವುದು ಕಷ್ಟ. ವಕೀಲರು ಡೊಳ್ಳು ಕಂಡಾಗಲೇ ಎದ್ದು ಹೋಗಿದ್ದರು. ರಾಚಯ್ಯ ಬೀದಿಯಲ್ಲಿದ್ದ. ಆ ಕೋಣೆಯಲ್ಲಿ ಅಕ್ಷರ ಬಲ್ಲವನು ಹುಲ್ಲಪ್ಪನೊಬ್ಬನೇ. ಗಾಳಿ ಮತ್ತೆ ಬೀಸಿತು ಎಂದು ಓದಿದರೆ ಗಾಳಿ ಬೀಸಿಬಿಡುತ್ತಿತ್ತು. ಅಪ್ಪನ ಡೊಳ್ಳಿನ ಹಗ್ಗ ಬಿಗಿಯಾಗಿಯೇ ಉಳಿಯುತ್ತಿತ್ತು. ಅವನು ಡೊಳ್ಳಿನ ಕಡೆ ನೋಡಿದ, ಹಾರ ಹಾಕಿದ ಫೋಟೋಗಳ ಕಡೆ ನೋಡಿದ. ಓದದೆಯೇ ಓದಿದೆ ಎಂದ ಅಮಾತೆಪ್ಪನ ಕುರ್ಚಿ ಎದುರಿಗೇ ಖಾಲಿ ಇತ್ತು. ಓದಿ ಸುಳ್ಳು ಹೇಳಿದರೆ ತಾನು ಆ ಕುರ್ಚಿಗಿಂತ ಕೆಳಗಿನವನು.

ಅವನು ಎದ್ದು ನಿಂತು, ಶಾಂತತೆಯ ಬೋರ್ಡಿನ ಕೆಳಗೇ, ಗುಡಿಯ ಮುಂದೆ ಹಾಡುವ ಧ್ವನಿಯಲ್ಲಿ ಎರಡೂ ಪುಟಗಳನ್ನು ಓದಿದ. ಬೀದಿಯಲ್ಲಿ ಹೋಗುತ್ತಿದ್ದ ಹಮಾಲರು ಬಾಗಿಲಲ್ಲಿ ನಿಂತರು. ರಾಚಯ್ಯ ಓಡಿ ಬಂದವನು, ಬಾಯಿ ಮುಚ್ಚಿಸಬೇಕೆಂದು ಬಂದವನು, ಕುರಿ ತೊಟ್ಟಿಲು ತಳ್ಳುವ ಕಡೆಗೆ ಬಂದಾಗ ಹೊಸ್ತಿಲಲ್ಲೇ ಕೂತ.

ಓದು ಮುಗಿದ ಮೇಲೆ ಹುಲ್ಲಪ್ಪ ಯಾರ ಅಪ್ಪಣೆಗೂ ಕಾಯದೆ ಹೊರಗಿನ ಕಟ್ಟೆಗೆ ಹೋಗಿ ಅಪ್ಪನ ಡೊಳ್ಳಿನ ಹಗ್ಗ ಸಡಲಿಸಿದ. ತೊಗಲು ಮುದುಕಿಯ ಕೆನ್ನೆಯಂತೆ ಜೋತಿತು. ಮುದಕಪ್ಪ ಹತ್ತಿರ ಬಂದು ಏನೋ ಹೇಳಹೋದ.

"ಸಮಾಧಾನ ಹೇಳಬ್ಯಾಡ," ಅಂದ ಹುಲ್ಲಪ್ಪ. "ನಿನ್ನ ಗುರು ಖರೆ ಹೇಳಿದ್ದ. ಆದರ ನಿನಗದು ಗೊತ್ತಾದದ್ದು ನಾ ಓದಿದ ಮ್ಯಾಲೆ."

ಹಾಡಬಾರದ ಆ ವರ್ಷ ಅವನಿಗೆ ಕೆಲಸವಿರಲಿಲ್ಲ ಎನ್ನಬಾರದು. ಕುರಿ ಮಾರಿದ ದಿನವೆಲ್ಲ ಬಸ್ಸು ಹತ್ತಿ ವಾಚನಾಲಯಕ್ಕೆ ಹೋಗುತ್ತಿದ್ದ. ಒಂದೊಂದು ಕಪಾಟಿನ ಪುಸ್ತಕ ತೆಗೆಸಿ, ಮಡಿಕೆ ಕತ್ತರಿಸಿ, ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಅವನಿಗೆ ಮನಸ್ಸಿನಲ್ಲಿ ಓದಿದ್ದು ಓದಿದಂತೆಯೇ ಅನ್ನಿಸುತ್ತಿರಲಿಲ್ಲ. ವಾದ ಹಾಡಬಾರದೆಂದು ಕಟ್ಟಳೆ ಇತ್ತೇ ಹೊರತು ಓದಬಾರದೆಂದು ಇರಲಿಲ್ಲ. ಹಮಾಲರು ಬಂದು ಕೂರತೊಡಗಿದರು. ಅಮಾತೆಪ್ಪ ಒಮ್ಮೆ ತಕರಾರು ತೆಗೆದ. ಅಷ್ಟರಲ್ಲಾಗಲೇ ರಾಚಯ್ಯ ಶಾಂತತೆಯ ಬೋರ್ಡನ್ನು ಗೆದ್ದಲು ತಿಂದಿದೆ ಎಂದು ಹೇಳಿ ಇಳಿಸಿಟ್ಟಿದ್ದ. ಗೆದ್ದಲು ಹತ್ತಿದ್ದು ನಿಜ. ಆದರೆ ಅದು ಹತ್ತಿ ಬಹಳ ವರ್ಷಗಳಾಗಿದ್ದವು.

"ನಿನ್ನಿಂದ ವಕೀಲರು ಬರೂದು ಬಿಟ್ಟರು," ರಾಚಯ್ಯ ದೂರಿದ.

"ಮನ್ಯಾಗ ಹಾಸಿಗಿ ಇಲ್ಲೇನ್ರಿ ಅವರಿಗೆ?"

ಕಟ್ಟಳೆಯ ವರ್ಷ ಮುಗಿಯಲು ಬಂದಾಗ, ಒಂದು ದಿನ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಹುಲ್ಲಪ್ಪ ಮುದಕಪ್ಪನನ್ನು ಕಂಡ. ತುಳಸಿಗೇರಿಯ ಕಡೆ ಹೋಗುವ ಬಸ್ಸಿನ ಮುಂದೆ ನಿಂತು, ಬೋರ್ಡಿನ ಕಡೆ ಬೆರಳು ಚಾಚಿ, ತುಟಿ ಅಲ್ಲಾಡಿಸುತ್ತಿದ್ದ. ಬಸ್ಸು ಹೊರಟಿತು. ಮುದಕಪ್ಪ ಅದರ ಹಿಂದೆ ನಾಲ್ಕು ಹೆಜ್ಜೆ ನಡೆದ, ಹತ್ತಲಿಲ್ಲ, ಹಿಂಬದಿಯ ಬೋರ್ಡು ಓದುತ್ತಲೇ ಇದ್ದ.

"ಏನ ಮಾಡಾಕ ಹತ್ತಿಯೋ ಮುದಕ್ಯಾ? ನಿನ್ನ ಬಸ್ ಹೋತು."

ಮುದಕಪ್ಪ ನಾಚಿದ. "ಮುಂದಿನ ಅಮಾವಾಸಿಗೆ ನೀ ಏನ ಕೇಳತಿಯೋ ಅಂತ ಹೆದರಿಕಿ ಆಗೈತಪಾ. ಯಾವ ಪುಸ್ತಕದಾಗಿಂದ ಕೇಳತಿ, ಅಷ್ಟರ ಹೇಳ."

"ಹೇಳೂದಿಲ್ಲ. ಅಲ್ಲೇ ಕಪಾಟಿನ್ಯಾಗ ಐತಿ, ಮಡಿಕಿ ಕತ್ತರಿಸೇನಿ. ಹೋಗಿ ಹುಡುಕು."

ಹುಲ್ಲಪ್ಪ ಅಮೀನಗಡದ ಬಸ್ಸು ಹತ್ತಿದ. ಕಿಟಕಿಯಿಂದ ನೋಡಿದರೆ ಮುದಕಪ್ಪ ಆಗಲೇ ಇನ್ನೊಂದು ಬಸ್ಸಿನ ಹಣೆಯ ಕೆಳಗೆ ನಿಂತಿದ್ದ. ಬೆರಳು ಬೋರ್ಡಿನ ಬಲಗಡೆಯಿಂದ ಎಡಗಡೆಗೆ ಸರಿಯುತ್ತಿತ್ತು.

"ದಡ್ಡ," ಎಂದುಕೊಂಡ ಹುಲ್ಲಪ್ಪ. ಬಸ್ಸು ತಿರುವು ಮುಟ್ಟುವ ಮೊದಲು ಕಿಟಕಿಯಿಂದ ಅರ್ಧ ಹೊರಬಾಗಿ ಕೂಗಿದ, "ಆ ಕಡಿಯಿಂದ ಅಲ್ಲಲೇ, ಈ ಕಡಿಯಿಂದ."